ಪಟ್ಟಂ ಮನೆಯ ಟಬ್ಬು ಮತ್ತು ಒಂಬತ್ತನೆಯ ಪ್ರಶ್ನೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಕ್ಲೋರಿನ್, ಬ್ರೋಮಿನ್, ಪಿಎಚ್ ಎಂದೆಲ್ಲ ಬರುವಾಗ ಯಾವುದೋ ರಾಸಾಯನಿಕ ಕೈಕೊಟ್ಟಿತೇನೋ ಎಂಬ ಅನುಮಾನ ಓದುವವರಿಗೆ ಬರಬಹುದು. ರಾಸಾಯನಿಕಗಳು ತಮಗೆ ವಹಿಸಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದವು. ನಾಲ್ಕು ತಿಂಗಳಲ್ಲಿ ಒಂದೇ ಮನೆಯ ಒಂದೇ ಟಬ್ಬಿಗೆ ಮೂರು ಬಗೆಯ ಮದ್ದು ಹಾಕಿದ ಮಹಾಬುದ್ಧಿವಂತ ನಾನು. ಕೈಕೊಟ್ಟದ್ದು ನನ್ನ ಬಾಯಿ.

2023ರ ಮೇ ತಿಂಗಳು. ಕೊಚ್ಚಿಯಲ್ಲಿ ಹಾಟ್ ಟಬ್ ಮಾರಿ, ಆಮೇಲೆ ಅದರ ನೀರನ್ನೂ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ ನಾನು ‘ವಾಟರ್ ಕೇರ್ ಎಕ್ಸಿಕ್ಯೂಟಿವ್’. ಊರಲ್ಲಿ, ಕಾಸರಗೋಡಿನ ಬದಿಯಡ್ಕದಲ್ಲಿ, ಅಮ್ಮ ಇದನ್ನು ನೆಂಟರಿಗೆ ಹೇಳುವಾಗ ‘ನೀರಿನ ಇಂಜಿನಿಯರ್’ ಎನ್ನುತ್ತಿದ್ದರು. ನಿಜದಲ್ಲಿ ಬೇರೆಯವರು ಕೂತೆದ್ದ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು ನನ್ನ ಉದ್ಯೋಗ. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಮಾಡಿದ್ದೆ, ವಯಸ್ಸು ಇಪ್ಪತ್ತಾರು. ಇದರ ಜೊತೆಗೆ ಇನ್ನೊಂದು ಅರ್ಹತೆಯೂ ಇತ್ತು, ಅದು ರೆಸ್ಯೂಮೆಯಲ್ಲಿ ಇರಲಿಲ್ಲ: ನಾನು ಮಿಮಿಕ್ರಿ ಮಾಡುತ್ತಿದ್ದೆ. ಕಾಲೇಜಿನ ವೇದಿಕೆಗಳಲ್ಲಿ ಶುರುವಾದದ್ದು, ಕೆಲಸ ಸಿಕ್ಕ ಮೇಲೂ ಬಿಡಲಿಲ್ಲ. ಕೊಚ್ಚಿಯವರ ಮಲಯಾಳಂ, ತಿರುವನಂತಪುರದವರ ಮಲಯಾಳಂ, ನಮ್ಮ ಕಾಸರಗೋಡಿನವರು ಅವರಿಬ್ಬರ ಮುಂದೆ ತಡವರಿಸುವ ಮಲಯಾಳಂ, ಎಲ್ಲವೂ ನನ್ನ ಗಂಟಲಿನಲ್ಲಿತ್ತು. ಯಾರ ಹತ್ತಿರ ಹತ್ತು ನಿಮಿಷ ಕೂತರೂ ಹನ್ನೊಂದನೆಯ ನಿಮಿಷಕ್ಕೆ ಅವರಾಗಿ ಮಾತಾಡುತ್ತಿದ್ದೆ. ನನ್ನ ಸ್ವಂತ ಧ್ವನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಸಮಯ ಬೇಕಾಗುತ್ತಿತ್ತು.

ಹಾಟ್ ಟಬ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಸಾವಿರ ಲೀಟರ್ ನೀರು ಹಿಡಿಯುವ, ಮುಚ್ಚಳವಿರುವ ದೊಡ್ಡ ತೊಟ್ಟಿ. ಒಳಗೆ ಕೂರಲು ಮೆಟ್ಟಿಲಿನಂಥ ಆಸನ, ಬೆನ್ನಿಗೆ ನೀರು ಚಿಮ್ಮುವ ತೂತುಗಳು, ಪಂಪು, ಫಿಲ್ಟರ್, ಹೀಟರ್. ನೀರು ಸಾಮಾನ್ಯವಾಗಿ ಮೂವತ್ತೆಂಟು ಡಿಗ್ರಿ ಬಿಸಿ. ಬಕೆಟ್ ನೀರಿನ ಹಾಗೆ ಇದನ್ನು ದಿನಾ ಚೆಲ್ಲುವುದಿಲ್ಲ. ಮೂರು ತಿಂಗಳು ಅದೇ ನೀರು ಸುತ್ತುತ್ತಿರುತ್ತದೆ. ಮೂವತ್ತೆಂಟು ಡಿಗ್ರಿ ನಮಗೆ ಎಷ್ಟು ಹಿತವೋ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಹಿತ. ಹಾಗಾಗಿ ನೀರಿನಲ್ಲಿ ಸದಾ ಒಂದು ಸ್ಯಾನಿಟೈಸರ್, ಅಂದರೆ ರೋಗಾಣುಗಳನ್ನು ಕೊಲ್ಲುವ ಮದ್ದು, ಕಾವಲಿಗೆ ಇರಬೇಕು. ಅದನ್ನು ಅಳೆಯುವ ಲೆಕ್ಕ ಪಿಪಿಎಂ: ಹತ್ತು ಲಕ್ಷ ಪಾಲು ನೀರಿನಲ್ಲಿ ಮದ್ದು ಎಷ್ಟು ಪಾಲು ಎಂದು. ಸಾವಿರ ಲೀಟರಿಗೆ ಮೂರು ಗ್ರಾಂ ಕ್ಲೋರಿನ್ ಇದ್ದರೆ ಮೂರು ಪಿಪಿಎಂ. ಹಾಟ್ ಟಬ್ಬಿನಲ್ಲಿ ಅದಕ್ಕಿಂತ ಕೆಳಗೆ ಇಳಿಯಬಾರದು. ಸೊನ್ನೆಗೆ ಬಂತೆಂದರೆ ಕಾವಲುಗಾರ ಮನೆಗೆ ಹೋಗಿದ್ದಾನೆ, ಬಾಗಿಲು ತೆರೆದೇ ಇದೆ ಎಂದರ್ಥ.

ಯಾವ ಮನೆಗೆ ಯಾವ ಮದ್ದು ಎಂದು ಆರಿಸಲು ನಮ್ಮಲ್ಲಿ ಒಂದು ಫಾರಂ ಇತ್ತು. ಹದಿನಾಲ್ಕು ಪ್ರಶ್ನೆ. ನೀರು ಬಾವಿಯದೋ ನಲ್ಲಿಯದೋ, ಎಷ್ಟು ಜನ ಇಳಿಯುತ್ತಾರೆ, ಅಲರ್ಜಿ ಉಂಟೇ, ಯಾವ ಮಾತ್ರೆ ತಿನ್ನುತ್ತಾರೆ, ಹೀಗೆ. ಇದನ್ನು ಬರೆದವರು ನಮ್ಮ ಸೀನಿಯರ್ ಟೆಕ್ನಿಷಿಯನ್ ಜೋಸಿ ಸರ್. ಕೊಚ್ಚಿಯವರು, ಇಪ್ಪತ್ತು ವರ್ಷ ಈಜುಕೊಳಗಳ ನೀರು ಕುಡಿದು ಉಗಿದವರು. ‘ನೀರು ತಾನಾಗಿ ಬಾಯಿ ಬಿಡುವುದಿಲ್ಲ ಮೋನೇ, ಮನೆಯವರನ್ನು ಕೇಳಬೇಕು’ ಎಂದು ಅವರು ಹೇಳುತ್ತಿದ್ದರು; ಅವರಿಗೆ ಚಿಕ್ಕವರೆಲ್ಲ ‘ಮೋನೇ’, ಅಂದರೆ ಮಗನೇ. ಅವರು ಆಫೀಸಿನಿಂದ ಹೊರಗೆ ಹೋದ ಕೂಡಲೇ ಈ ಮಾತನ್ನು ಅವರದೇ ಮೂಗುಧ್ವನಿಯಲ್ಲಿ, ಮುಂಡು ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾ, ನಾನು ಎಲ್ಲರಿಗೂ ಹೇಳಿ ತೋರಿಸುತ್ತಿದ್ದೆ. ಅಭಿನಯದಲ್ಲಿ ಒಂದು ಕೂದಲೂ ತಪ್ಪುತ್ತಿರಲಿಲ್ಲ. ಅರ್ಥದ ಕಡೆಗೆ ಮಾತ್ರ ನನ್ನ ಗಮನ ಹೋಗಿರಲಿಲ್ಲ.

ಮೇ ಮೂರನೆಯ ವಾರ ನನ್ನನ್ನು ತಿರುವನಂತಪುರಕ್ಕೆ ಕಳಿಸಿದರು. ಪಟ್ಟಂನ ಒಂದು ಒಳರಸ್ತೆಯ ಮನೆ. ಗೇಟಿನಲ್ಲಿ ಮಲಯಾಳಂ ಮತ್ತು ಕನ್ನಡ ಎರಡರಲ್ಲೂ ಹೆಸರಿನ ಫಲಕ ನೋಡಿ ನನಗೆ ಆಶ್ಚರ್ಯವಾಯಿತು. ಸದಾಶಿವ ರಾಯರು ಸರ್ಕಾರದ ಕಾನೂನು ವಿಭಾಗದಲ್ಲಿ ನಿವೃತ್ತರು; ಅವರ ಹೆಂಡತಿ ಲಲಿತಮ್ಮ ಇನ್ನೊಂದು ಕಚೇರಿಯಲ್ಲಿ ಕನ್ನಡ–ಮಲಯಾಳಂ ಭಾಷಾಂತರ ಮಾಡುತ್ತಿದ್ದವರು. (ಹೆಸರುಗಳನ್ನು ಬದಲಿಸಿದ್ದೇನೆ. ಬೇರೆ ಯಾವುದನ್ನೂ ಬದಲಿಸಿಲ್ಲ, ಆ ಧೈರ್ಯ ಈಗ ಇಲ್ಲ.) ಇಬ್ಬರೂ ಕಾಸರಗೋಡು ಕಡೆಯವರು, ಇಲ್ಲಿಗೆ ಬಂದು ಮೂವತ್ತೈದು ವರ್ಷ ಕಳೆದಿತ್ತು. ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡುವ ಮಗಳು ಟಬ್ಬನ್ನು ತರಿಸಿ ಹಿತ್ತಿಲ ವರಾಂಡದಲ್ಲಿ ಇಡಿಸಿದ್ದಳು.

ಅದು ಮೋಜಿಗೆ ತಂದ ಟಬ್ಬಲ್ಲ. ಲಲಿತಮ್ಮನಿಗೆ ಸಂಧಿವಾತ, ಬೆಳಿಗ್ಗೆ ಏಳುವಾಗ ಎರಡೂ ಕೈಗಳ ಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು, ಭುಜ ಮೇಲೆ ಏಳುತ್ತಿರಲಿಲ್ಲ. ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ದಿನಕ್ಕೆ ಹದಿನೈದು ನಿಮಿಷ ವ್ಯಾಯಾಮ ಮಾಡಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ. ಅದನ್ನು ಅವರೇ ಮೊದಲ ದಿನ ಹೇಳಿದರು.

‘ನನ್ನ ಜಡೆ ನಾನೇ ಹೆಣೆದುಕೊಳ್ಬೇಕು ಮಾರಾಯ. ಈಗ ಇವರು ಹೆಣೀತಾರೆ. ಇವರಿಗೆ ಗೊತ್ತಿರೋದು ಫೈಲು ಕಟ್ಲಿಕ್ಕೆ. ಅದೇ ಗಂಟು, ಅದೇ ಬಿಗಿ. ಪುಣ್ಯಕ್ಕೆ ಇನ್ನೂ ಸೀಲು ಹೊಡೆದಿಲ್ಲ.’

‘ಕಟ್ಟಿದ್ದು ಬಿಚ್ಚಿಹೋದ್ರೆ ಕಂಪ್ಲೇಂಟ್ ಯಾರದ್ದು?’ ಎಂದು ರಾಯರು ಪೇಪರಿನಿಂದ ತಲೆ ಎತ್ತದೆ ಕೇಳಿದರು.

ಸೊಂಟಕ್ಕಿಂತ ಕೆಳಗೆ ಇಳಿಯುವ, ಅರ್ಧ ನರೆತ ದಪ್ಪ ಜಡೆ ಅದು. ನಾನು ‘ಮೇಡಂ’ ಎಂದಾಗ ಅವರು ತಡೆದರು. ‘ಕಚೇರಿಯಲ್ಲಿ ಮೇಡಂ ಕೇಳಿ ಕೇಳಿ ಸಾಕಾಗಿದೆ. ಬದಿಯಡ್ಕದವನಲ್ವಾ ನೀನು? ದೊಡ್ಡಮ್ಮ ಅನ್ನು.’

ತಿರುವನಂತಪುರದಲ್ಲಿ, ಕೆಲಸದ ಮೇಲೆ ಹೋದ ಮನೆಯಲ್ಲಿ, ಹೀಗೆ ಕರೆದು ಕನ್ನಡದಲ್ಲಿ ಕಾಫಿ ಕೊಟ್ಟವರು ಮೊದಲು ಯಾರೂ ಇರಲಿಲ್ಲ. ನಾನು ಉಬ್ಬಿಹೋದೆ. ಉಬ್ಬಿದಾಗ ನನಗೆ ಒಂದೇ ಕೆಲಸ ಗೊತ್ತು. ಫಾರಂ ತೆಗೆದು ಪ್ರಶ್ನೆಗಳನ್ನು ಜೋಸಿ ಸರ್ ಧ್ವನಿಯಲ್ಲಿ ಕೇಳತೊಡಗಿದೆ. ಇಬ್ಬರೂ ನಕ್ಕರು. ಒಂದೊಂದು ಉತ್ತರಕ್ಕೂ ಒಂದೊಂದು ಧ್ವನಿ ಸೇರಿಸಿದೆ. ಒಂಬತ್ತನೆಯ ಪ್ರಶ್ನೆ ಬಂತು: ಟಬ್ಬಿಗೆ ಇಳಿಯುವ ಮೊದಲು ಮೈಗೆ ಎಣ್ಣೆ, ತೈಲ, ಕ್ರೀಮು ಹಚ್ಚುತ್ತೀರಾ?

ಈ ಪ್ರಶ್ನೆಗೆ ನನ್ನ ಹತ್ತಿರ ಒಂದು ಸಿದ್ಧ ಐಟಂ ಇತ್ತು. ಕೊಚ್ಚಿಯಲ್ಲಿ ನಮ್ಮ ಗಿರಾಕಿ ಒಬ್ಬರು ಅಮ್ಮಚ್ಚಿ, ಎಂಬತ್ತು ದಾಟಿದ ಅಜ್ಜಿ. ಮೈತುಂಬ ಎಣ್ಣೆ ಹಚ್ಚಿಕೊಂಡೇ ಟಬ್ಬಿಗೆ ಇಳಿಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಕೊಚ್ಚಿಯ ಅರ್ಧ ಊರಿಗೆ ಮಾಡಿ ತೋರಿಸಿದ್ದೆ. ಪಟ್ಟಂ ವರಾಂಡದಲ್ಲೂ ಮಾಡಿದೆ. ಬೆನ್ನು ಬಗ್ಗಿಸಿ, ಹಲ್ಲಿಲ್ಲದ ಬಾಯಿ ಮಾಡಿ, ಮೊಣಕೈಗೆ ಗಾಳಿಯಲ್ಲೇ ಎಣ್ಣೆ ತಿಕ್ಕುತ್ತಾ:

‘ಎಣ್ಣೆ ಹಚ್ಚದೆ ಬಿಸಿನೀರಿಗೆ ಇಳಿಯಲಿಕ್ಕೆ ನಾನೇನು ಕೋಳಿಯಾ ಮೋನೇ? ನನ್ನ ಪುಕ್ಕ ಕೀಳ್ತೀಯಾ?’

ಪೇಪರು ಕೆಳಗಿಟ್ಟು ರಾಯರು ಕೆಮ್ಮುವಷ್ಟು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಲಲಿತಮ್ಮ. ಕಣ್ಣು ಒರೆಸಿಕೊಂಡು ಕೇಳಿದರು, ‘ಮತ್ತೆ? ನೀನು ಎಂತ ಹೇಳಿದೆ ಅವರಿಗೆ?’

‘ನಾನು ಹೇಳಿದೆ, ಅಮ್ಮಚ್ಚಿ, ಇದು ಟಬ್ಬು, ಬಾಣಲೆ ಅಲ್ಲ. ನಿಮ್ಮನ್ನು ಕರಿದು ನಮಗೆ ಎಂತ ಆಗ್ಬೇಕು?’

ಇನ್ನೊಂದು ಸುತ್ತು ನಗು. ಆ ನಗುವಿನಲ್ಲೇ ನಾನು ಒಂಬತ್ತನೆಯ ಪ್ರಶ್ನೆಯ ಎದುರು ‘ಇಲ್ಲ’ ಎಂದು ಟಿಕ್ ಹಾಕಿದೆ. ಯಾರೂ ‘ಇಲ್ಲ’ ಎಂದಿರಲಿಲ್ಲ. ಯಾರೂ ಏನೂ ಅಂದಿರಲಿಲ್ಲ. ಮಾತ್ರೆಗಳ ಬಗ್ಗೆ ಇದ್ದ ಹತ್ತನೆಯ ಪ್ರಶ್ನೆಯೂ ಅದೇ ಅಲೆಯಲ್ಲಿ ಕೊಚ್ಚಿಹೋಯಿತು.

ಮೊದಲು ಹಾಕಿದ್ದು ಡೈಕ್ಲೋರ್, ಅಂದರೆ ಹರಳಿನ ರೂಪದ ಕ್ಲೋರಿನ್. ಬೇಗ ಕರಗುತ್ತದೆ, ಬೇಗ ಕೊಲ್ಲುತ್ತದೆ, ಅಳೆಯುವುದು ಸುಲಭ. ದಿನಾ ಬೆಳಿಗ್ಗೆ ಟೆಸ್ಟ್ ಸ್ಟ್ರಿಪ್ ಅದ್ದಿ ಬಣ್ಣ ನೋಡಿ ಬರೆದಿಡಲು ರಾಯರಿಗೆ ಹೇಳಿದೆ. ಅವರು ಉದ್ದ ನೋಟ್‌ಬುಕ್ಕಿಗೆ ಗೆರೆ ಎಳೆದು, ದಿನಾಂಕ, ಸಮಯ, ಕ್ಲೋರಿನ್, ಪಿಎಚ್, ಷರಾ ಎಂದು ಕಾಲಂ ಮಾಡಿ, ಕೆಳಗೆ ಸಹಿ ಹಾಕಿ ಇಡುತ್ತಿದ್ದರು. ಹತ್ತು ದಿನದ ಮೇಲೆ ಕೊಚ್ಚಿಗೆ ಫೋನ್ ಬಂತು.

‘ನೋಡಿ, ಸಂಜೆ ಹಾಕುವಾಗ ಐದು ಪಿಪಿಎಂ. ಬೆಳಿಗ್ಗೆ ಆರಕ್ಕೆ, ಇವಳು ಇಳಿಯುವ ಮೊದಲು, ಮೂರು. ಇಳಿದು ಎದ್ದ ಅರ್ಧ ಗಂಟೆಗೆ ಸೊನ್ನೆ. ಸೊನ್ನೆ ಅಂದ್ರೆ ಸೊನ್ನೆ. ಮತ್ತೆ ಒಂದು ಘಾಟು ವಾಸನೆ ಉಂಟು.’

ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ಯಾವ ನ್ಯಾಯಾಧೀಶನೂ ಬಿಡುತ್ತಿರಲಿಲ್ಲ. ಅವರು ಇಳಿದ ಮೇಲೆ ಮದ್ದು ಖಾಲಿಯಾಗುತ್ತಿದೆ ಎಂದರೆ, ಅವರ ಮೈಮೇಲಿನ ಏನೋ ಅದನ್ನು ತಿನ್ನುತ್ತಿದೆ. ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ, ಬೆವರು, ಎಣ್ಣೆ ಎಂಬ ಭೇದವಿಲ್ಲ. ಎದುರಿಗೆ ಬಂದದ್ದನ್ನು ಸುಡುತ್ತಾ ತಾನೂ ತೀರುತ್ತದೆ. ಘಾಟು ವಾಸನೆ ಕೂಡ ಕ್ಲೋರಿನ್ ಹೆಚ್ಚಾಗಿ ಬರುವುದಲ್ಲ, ಹೋರಾಡಿ ಸೋತ ಕ್ಲೋರಿನ್ನಿನದು. ಇದೆಲ್ಲ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಫೋನ್ ಇಟ್ಟ ಮೇಲೆ ನಾನು ಮಾಡಿದ್ದು ಆಫೀಸಿನವರಿಗೆ ‘ಸೊನ್ನೆ ಅಂದ್ರೆ ಸೊನ್ನೆ’ ಎಂದು ರಾಯರ ಧ್ವನಿಯಲ್ಲಿ ಹೇಳಿ ತೋರಿಸಿದ್ದು.

ಮುಂದಿನ ವಾರ ಹೋಗಿ ನೋಡಿದಾಗ ಟಬ್ಬಿನ ಅಂಚಿನಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಕಂದು ಬಣ್ಣದ ಜಿಗುಟು ಗೆರೆ ಮೂಡಿತ್ತು. ಬಾವಿನೀರಿನ ಕಬ್ಬಿಣದ ಅಂಶ ಎಂದು ತೀರ್ಮಾನ ಕೊಟ್ಟೆ. ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಬ್ರೋಮಿನ್ ತಡೆಯುತ್ತದೆ ಎಂದು ಹೇಳಿ ಜೂನ್ ಕೊನೆಗೆ ಮದ್ದು ಬದಲಿಸಿದೆ. ಬ್ರೋಮಿನ್ ಎಂದರೆ ಕ್ಲೋರಿನ್ನಿನ ಸೋದರಸಂಬಂಧಿ. ಮಾತ್ರೆಗಳನ್ನು ತೂತಿರುವ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ತೇಲಿಬಿಟ್ಟರೆ ನಿಧಾನವಾಗಿ ಕರಗುತ್ತದೆ. ವಾಸನೆ ಕಡಿಮೆ, ಬಿಸಿಗೆ ಜಗ್ಗುವುದಿಲ್ಲ. ಎರಡು ವಾರ ಎಲ್ಲವೂ ಚೆನ್ನಾಗಿತ್ತು.

ಆ ಎರಡು ವಾರದ ಕೊನೆಗೆ ನಾನು ಹೋದಾಗ ಲಲಿತಮ್ಮ ವರಾಂಡದ ಕುರ್ಚಿಯಲ್ಲಿ ಕೂತು ಜಡೆ ಹೆಣೆಯುತ್ತಿದ್ದರು. ಸ್ವಂತ ಕೈಯಲ್ಲಿ. ಮಧ್ಯೆ ಮಧ್ಯೆ ನಿಲ್ಲಿಸಿ ಕೈ ಇಳಿಸಿ, ಉಸಿರು ಬಿಟ್ಟು ಮತ್ತೆ ಎತ್ತುತ್ತಿದ್ದರು. ಮುಗಿಸಿದ ಮೇಲೆ ಬಲಗೈಯನ್ನು ನನ್ನ ಮುಖದ ಮುಂದೆ ಬಿಚ್ಚಿ ಹಿಡಿದರು.

‘ನೋಡು. ಐದೂ ಮೆಂಬರು ಸಭೆಗೆ ಹಾಜರು.’

‘ಕೋರಂ ಆಯ್ತು ದೊಡ್ಡಮ್ಮ, ಇನ್ನು ಠರಾವು ಪಾಸು ಮಾಡಿ’ ಎಂದು ರಾಯರ ಧ್ವನಿಯಲ್ಲಿ ಹೇಳಿದೆ. ಒಳಗಿನಿಂದ ರಾಯರು, ‘ನಾನು ಹಾಗೆ ಮಾತಾಡ್ತೇನಾ?’ ಎಂದರು. ‘ಥೇಟು ಹಾಗೇ’ ಎಂದು ಲಲಿತಮ್ಮ ನಕ್ಕರು. ನಕ್ಕು ಮುಗಿದ ಮೇಲೆ, ಟಬ್ಬಿನ ಕಡೆಗೆ ನೋಡುತ್ತಾ, ತೀರಾ ಮೆಲ್ಲಗೆ ಒಂದು ಮಾತು ಕೇಳಿದರು.

‘ಅಲ್ಲ ಮಗಾ, ಈ ನೀರಿಗೆ ಮೈಯ ಜಿಡ್ಡು ಎಲ್ಲ ತಾಗಿದ್ರೆ ಆಗ್ತದಾ?’

ಆಗ ನಾನು ಹೇಳಿದ್ದು ಇದು: ‘ನಿಮ್ಮದೆಂತ ಜಿಡ್ಡು ದೊಡ್ಡಮ್ಮ? ಕೊಚ್ಚಿಯ ಅಮ್ಮಚ್ಚಿ ಇಳಿದು ಎದ್ದ ನೀರಲ್ಲಿ ಹಪ್ಪಳ ಕಾಯಿಸ್ಬಹುದು!’ ಅವರು ನಗುತ್ತಾ ಎದ್ದು ಕಾಫಿ ತರಲು ಒಳಗೆ ಹೋದರು.

ಜುಲೈ ನಡುವಿಗೆ ಬ್ರೋಮಿನ್ನೂ ಸೊನ್ನೆಗೆ ಇಳಿಯಿತು. ಪಂಪು ಹಾಕಿದರೆ ನೊರೆ ಏಳುತ್ತಿತ್ತು. ನಾನು ನೊರೆ ತಡೆಯುವ ದ್ರಾವಣ ಕೊಟ್ಟೆ, ಬ್ರೋಮಿನ್ ಮಾತ್ರೆಗಳ ಸಂಖ್ಯೆ ಹೆಚ್ಚಿಸಿದೆ, ಸ್ಟ್ರಿಪ್ ಹಳತಾಗಿರಬಹುದೆಂದು ಹೊಸ ಡಬ್ಬಿ ಕೊಟ್ಟೆ. ರಾಯರು ಓದುವುದರಲ್ಲಿ ಎಡವುತ್ತಿದ್ದಾರೇನೋ ಎಂದು ಅವರ ಕಣ್ಣಿನ ಮೇಲೂ ಅನುಮಾನಪಟ್ಟೆ. ಬಾವಿ, ಬಿಸಿ, ಸ್ಟ್ರಿಪ್, ರಾಯರು, ಹೀಗೆ ಆಪಾದನೆ ಸುತ್ತು ಹೊಡೆಯಿತು. ಜೋಸಿ ಸರ್ ಒಂದು ಸಲ ಕೇಳಿದರು, ‘ಫಾರಂ ಸರಿಯಾಗಿ ತುಂಬಿದ್ದೀಯಲ್ಲ?’ ‘ಹದಿನಾಲ್ಕೂ’ ಎಂದೆ. ಸುಳ್ಳಲ್ಲ, ಹದಿನಾಲ್ಕೂ ತುಂಬಿತ್ತು.

ಆಗಸ್ಟಿನಲ್ಲಿ ಮೂರನೆಯ ಮದ್ದು. ಬೈಗ್ವನೈಡ್ ಎಂದು ಅದರ ಹೆಸರು. ಕ್ಲೋರಿನ್ ವಂಶಕ್ಕೆ ಸೇರಿದ್ದಲ್ಲ. ಘಾಟಿಲ್ಲ, ಕಣ್ಣು ಉರಿಯುವುದಿಲ್ಲ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕು. ಕ್ಲೋರಿನ್ ಅಥವಾ ಬ್ರೋಮಿನ್ನಿನ ಜೊತೆ ಇದು ಸೇರುವುದಿಲ್ಲ, ಹಾಗಾಗಿ ಹಳೆ ನೀರು ಖಾಲಿ ಮಾಡಿ, ಟಬ್ಬು ಉಜ್ಜಿ, ಫಿಲ್ಟರ್ ಬದಲಿಸಿ ಹೊಸದಾಗಿ ಶುರು ಮಾಡಿದೆ. ಉಜ್ಜುವಾಗ ಆ ಕಂದು ಗೆರೆ ಕೈಗೆ ಅಂಟಿಕೊಂಡಿತು, ಸೋಪು ಹಾಕಿದರೂ ಬೇಗ ಹೋಗಲಿಲ್ಲ. ಕಬ್ಬಿಣ ಹೀಗೆ ಅಂಟುವುದಿಲ್ಲ. ನಾನು ಟವೆಲಿಗೆ ಒರೆಸಿಕೊಂಡು ರೈಲು ಹಿಡಿದೆ. ಮೂರು ವಾರದಲ್ಲಿ ನೀರು ಗಂಜಿತಿಳಿಯ ಹಾಗೆ ಬೆಳ್ಳಗಾಯಿತೆಂದು ರಾಯರು ಫೋನ್ ಮಾಡಿದರು. ‘ಈ ಮದ್ದಿಗೆ ಶುರುವಿನಲ್ಲಿ ಹೀಗೆ ಆಗುವುದುಂಟು, ದೊಡ್ಡಮ್ಮ ನೀರಿಗೆ ಇಳಿಯಬಹುದು, ತೊಂದರೆ ಇಲ್ಲ’ ಎಂದೆ. ಇಡೀ ಪ್ರಕರಣದಲ್ಲಿ ನಾನು ಯಾರ ಧ್ವನಿಯನ್ನೂ ಎರವಲು ಪಡೆಯದೆ ಗಂಭೀರವಾಗಿ ಹೇಳಿದ ಮಾತು ಇದೊಂದೇ. ಅದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಸೆಪ್ಟೆಂಬರ್ ಎರಡನೆಯ ವಾರ ರಾಯರ ಫೋನ್ ಬಂತು. ಕಚೇರಿಯ ಪತ್ರ ಓದುವ ಹಾಗೆ ಒಂದೊಂದೇ ವಾಕ್ಯ ಹೇಳಿದರು.

‘ಟಬ್ಬು ಆಫ್ ಮಾಡಿದ್ದೇನೆ. ಲಲಿತ ಉಳ್ಳೂರಿನ ಆಸ್ಪತ್ರೆಯಲ್ಲಿದ್ದಾಳೆ. ಜ್ವರ, ಸೊಂಟಕ್ಕೂ ತೊಡೆಗೂ ಕೀವಿನ ಗುಳ್ಳೆ. ಯಾವ ನೀರಿಗೆ ಇಳೀತಿದ್ರಿ ಅಂತ ಡಾಕ್ಟರು ಕೇಳಿದ್ರು. ನೋಟ್‌ಬುಕ್ಕು ಕೊಟ್ಟಿದ್ದೇನೆ.’

ಕಾವಲಿಲ್ಲದ ಬಿಸಿನೀರಿನಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಕೂದಲ ಬುಡಗಳಿಗೆ ಸೋಂಕು ತರುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಒಂದೆರಡು ವಾರದಲ್ಲಿ ತಾನಾಗಿ ಹೋಗುವಂಥದ್ದು. ಆದರೆ ಲಲಿತಮ್ಮ ಸಂಧಿವಾತಕ್ಕೆ ವಾರಕ್ಕೊಮ್ಮೆ ತಿನ್ನುತ್ತಿದ್ದ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದು. ಹತ್ತನೆಯ ಪ್ರಶ್ನೆ ಇದ್ದದ್ದು ಅದಕ್ಕೇ. ಸೋಂಕು ಹೋಗುವವರೆಗೆ ಡಾಕ್ಟರು ಆ ಮಾತ್ರೆಯನ್ನು ನಿಲ್ಲಿಸಬೇಕಾಯಿತು. ಮಾತ್ರೆ ನಿಂತ ಮೇಲೆ ಗಂಟುಗಳು ಬಾತವು. ಆರು ದಿನದ ಮೇಲೆ ಅವರು ಮನೆಗೆ ಬರುವಾಗ ಎರಡೂ ಕೈ ಮೊದಲಿಗಿಂತ ಕೆಟ್ಟದಾಗಿ ಮುದುಡಿಕೊಂಡಿದ್ದವು.

ಜೋಸಿ ಸರ್ ಮತ್ತು ನಾನು ಬೆಳಗಿನ ರೈಲಿಗೆ ಕೊಚ್ಚಿಯಿಂದ ಹೊರಟೆವು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಮಾತಾಡದ ಜೋಸಿ ಸರ್ ಅನ್ನು ಅನುಕರಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಪಟ್ಟಂ ಮನೆಯಲ್ಲಿ ಅವರು ನೀರು ಪರೀಕ್ಷಿಸುವ ಕಿಟ್ ಬಿಚ್ಚಲೇ ಇಲ್ಲ. ಟಬ್ಬಿನ ಮುಚ್ಚಳ ಸರಿಸಿ, ಅಂಚಿನ ಕಂದು ಗೆರೆಯನ್ನು ಹೆಬ್ಬೆರಳಿನಿಂದ ಸವರಿ ಮೂಗಿಗೆ ಹಿಡಿದರು. ಆಮೇಲೆ ಅದೇ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದರು.

‘ಇದು ಏನು, ಹೇಳು.’

ಕುಳಂಬು. ಬೇರುಗಳನ್ನು ಕುದಿಸಿ ಮಾಡುವ ಗಟ್ಟಿ ಆಯುರ್ವೇದ ತೈಲ. ಕೇರಳದಲ್ಲಿ ಗಂಟುನೋವಿರುವ ಮನೆಯಲ್ಲೆಲ್ಲ ಒಂದು ಬಾಟಲಿ ಇರುತ್ತದೆ. ನಾಲ್ಕು ತಿಂಗಳಿಂದ ಆ ಮನೆಗೆ ಹೋದಾಗೆಲ್ಲ ಈ ವಾಸನೆ ನನ್ನ ಮೂಗಿಗೆ ಬಡಿದಿತ್ತು. ವಯಸ್ಸಾದವರ ಮನೆ, ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಬೆಳಿಗ್ಗೆ ಐದೂವರೆಗೆ ಭುಜ, ಮೊಣಕೈ, ಮಂಡಿ, ಬೆರಳು ಎಲ್ಲಕ್ಕೂ ಕುಳಂಬು ತಿಕ್ಕಿ, ಅರ್ಧ ಗಂಟೆ ಬಿಟ್ಟು ಬಿಸಿನೀರಿಗೆ ಇಳಿಯುವುದು ಲಲಿತಮ್ಮ ವರ್ಷಗಟ್ಟಲೆಯಿಂದ ಪಾಲಿಸಿಕೊಂಡು ಬಂದ ಕ್ರಮ. ಮೊದಲು ಆ ಬಿಸಿನೀರು ಬಕೆಟ್ಟಿನಲ್ಲಿತ್ತು, ಈಗ ಟಬ್ಬಿನಲ್ಲಿತ್ತು. ಅವರ ಲೆಕ್ಕದಲ್ಲಿ ಅದರಲ್ಲಿ ಹೊಸದೇನೂ ಇರಲಿಲ್ಲ, ನನ್ನ ಬಾಯಿಂದ ಅಮ್ಮಚ್ಚಿಯ ಕಥೆ ಕೇಳುವವರೆಗೆ.

ಜೋಸಿ ಸರ್ ಫೈಲಿನಿಂದ ಫಾರಂ ತೆಗೆದು ಒಂಬತ್ತನೆಯ ಸಾಲಿನ ಮೇಲೆ ಆ ಎಣ್ಣೆಬೆರಳನ್ನೇ ಇಟ್ಟರು. ಕಾಗದದ ಮೇಲೆ ಕಲೆ ಹರಡಿತು.

‘ಈ ಟಿಕ್ ಯಾರು ಹಾಕಿದ್ದು?’

‘ನಾನು.’

‘ಅವರು ಹೇಳಿದರೇ?’

‘ಇಲ್ಲ.’

ಬೈಯುತ್ತಾರೆಂದು ಕಾದೆ. ಅವರು ಫಾರಂ ಮಡಚಿ ಜೇಬಿಗೆ ಹಾಕಿಕೊಂಡು, ಒಳಗೆ ಹೋಗಿ ಇದೇ ಎರಡು ಉತ್ತರವನ್ನು ಮನೆಯವರಿಗೂ ಹೇಳು ಎಂದರು.

ಆ ಒಳಗಿನ ಮಾತಿಗೆ ಹೋಗುವ ಮೊದಲು, ಆಮೇಲೆ ಏನಾಯಿತೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಮಾತಿನ ನಂತರ ಬರೆಯಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಅಕ್ಟೋಬರಿನಲ್ಲಿ ಕಂಪನಿ ಟಬ್ಬನ್ನು ವಾಪಸ್ ತೆಗೆದುಕೊಂಡಿತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ವರ್ಷ ಜೋಸಿ ಸರ್ ಹಿಂದೆ ಬ್ಯಾಗು ಹೊತ್ತು ಹೋಗಲು ಹೇಳಿದರು. ಹೊತ್ತೆ. ಈಗ ನಾನೇ ಮನೆಮನೆಗೆ ಹೋಗುತ್ತೇನೆ. ಯಾವ ಮದ್ದು ಒಳ್ಳೆಯದು ಎಂದು ಎಲ್ಲರೂ ಮೊದಲ ನಿಮಿಷದಲ್ಲೇ ಕೇಳುತ್ತಾರೆ. ಪಟ್ಟಂ ಮನೆಗೆ ಮೊದಲು ಹಾಕಿದ ಕ್ಲೋರಿನ್ನೇ ಸಾಕಿತ್ತು, ಬ್ರೋಮಿನ್ನೂ ಸಾಕಿತ್ತು. ನೀರಿಗೆ ಇಳಿಯುವ ಮೊದಲು ಸೋಪಿನ ಸ್ನಾನ, ಮೇಲೆ ಎದ್ದು ಮೈ ಒರೆಸಿಕೊಂಡ ಮೇಲೆ ಕುಳಂಬು, ಇಷ್ಟೇ ಬದಲಾವಣೆ ಬೇಕಿದ್ದದ್ದು. ಜೊತೆಗೆ ಅವರ ಡಾಕ್ಟರಿಗೆ ಒಂದು ಫೋನ್. ಮದ್ದು ಆರಿಸುವುದು ಕೊನೆಯ ಕೆಲಸ. ನೀರಿಗೆ ಯಾರು, ಯಾವ ಮೈಯಲ್ಲಿ, ಏನು ಹಚ್ಚಿಕೊಂಡು, ಯಾವ ಮಾತ್ರೆ ತಿಂದು ಇಳಿಯುತ್ತಾರೆ ಎಂದು ತಿಳಿಯುವುದು ಮೊದಲಿನದು. ಈಗ ನಾನು ಒಂಬತ್ತನೆಯ ಪ್ರಶ್ನೆಯನ್ನು ಮೊದಲು ಕೇಳುತ್ತೇನೆ. ‘ಹಚ್ಚುತ್ತೀರಾ’ ಎಂದು ಕೇಳುವುದಿಲ್ಲ, ‘ಯಾವ ಎಣ್ಣೆ ಹಚ್ಚುತ್ತೀರಿ’ ಎಂದು ಕೇಳುತ್ತೇನೆ. ಕೇಳಿ ಬಾಯಿ ಮುಚ್ಚಿ ಕೂರುತ್ತೇನೆ. ನನ್ನಂಥವನಿಗೆ ಹತ್ತು ಸೆಕೆಂಡು ಸುಮ್ಮನಿರುವುದು ಎಷ್ಟು ಕಷ್ಟವೆಂದು ಬಲ್ಲವರೇ ಬಲ್ಲರು. ಆದರೆ ಜನ ನಿಜ ಹೇಳುವುದು ಆ ಹತ್ತು ಸೆಕೆಂಡಿನಲ್ಲೇ. ಮಿಮಿಕ್ರಿ ಬಿಟ್ಟಿಲ್ಲ, ಬಿಡಲಿಕ್ಕೆ ಬರುವುದೂ ಇಲ್ಲ. ಗಿರಾಕಿಯ ಮನೆಯಲ್ಲಿ ಇನ್ನೊಬ್ಬ ಗಿರಾಕಿಯನ್ನು ಮಾಡಿ ತೋರಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ಅವತ್ತು ಒಳಕೋಣೆಯಲ್ಲಿ ಲಲಿತಮ್ಮ ದಿಂಬಿಗೆ ಒರಗಿ ಕೂತಿದ್ದರು. ಮೊದಲು ಅವರ ಗುರುತೇ ಸಿಗಲಿಲ್ಲ. ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದರು. ನಾನು ನೋಡಿದ್ದನ್ನು ನೋಡಿ, ‘ಇವರಿಗೂ ಒಂದು ಕೆಲಸ ಕಡಿಮೆ ಆಯ್ತು’ ಎಂದರು. ಪಕ್ಕದಲ್ಲಿ ನಿಂತಿದ್ದ ರಾಯರು ಬಗ್ಗಿ ಅವರ ದಿಂಬು ಸರಿಮಾಡಿದರು.

ಟಿಕ್ ನಾನೇ ಹಾಕಿದ್ದು, ನಿಮ್ಮ ಉತ್ತರಕ್ಕೆ ಕಾಯಲಿಲ್ಲ ಎಂದು ಹೇಳಿದೆ. ಹೇಳುವಾಗ ಗಂಟಲಿನಿಂದ ಬಂದ ಧ್ವನಿ ನನಗೇ ಅಪರಿಚಿತವಾಗಿತ್ತು. ಜೋಸಿ ಸರ್ ಮಲಯಾಳಂನಲ್ಲಿ ಕ್ಷಮೆ ಕೇಳಿದರು; ಡಾಕ್ಟರು ಒಪ್ಪಿದರೆ ಹೊಸ ನೀರು ತುಂಬಿ, ಕ್ಲೋರಿನ್ ಹಾಕಿ, ಕುಳಂಬನ್ನು ಸ್ನಾನದ ನಂತರಕ್ಕೆ ಇಟ್ಟು ಮತ್ತೆ ಶುರು ಮಾಡಬಹುದು, ಮೂರು ತಿಂಗಳು ತಾವೇ ಬಂದು ನೋಡುವುದಾಗಿ ಹೇಳಿದರು. ಲಲಿತಮ್ಮ ‘ಬೇಡ ಸಾರೇ’ ಎಂದು ಮೃದುವಾಗಿಯೇ ಹೇಳಿದರು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಇರಲಾಗಲಿಲ್ಲ. ತಪ್ಪು ಒಪ್ಪಿಕೊಂಡವನಿಗೆ ಅದರಲ್ಲಿ ಒಂದು ಚೂರನ್ನಾದರೂ ಬೇರೆಯವರಿಗೆ ಹಂಚುವ ಆಸೆ ಇರುತ್ತದೆ.

‘ದೊಡ್ಡಮ್ಮ, ಎಣ್ಣೆ ಹಚ್ತೇನೆ ಅಂತ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ. ಆವತ್ತೇ ಸರಿ ಮಾಡ್ತಿದ್ದೆ.’

ಅವರು ಮಡಚಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು, ಸಿಟ್ಟಿಲ್ಲದೆ, ನನ್ನ ಮುಖವನ್ನೇ ನೋಡಿ ಹೇಳಿದರು:

‘ಹೇಳ್ತಿದ್ದೆ ಮಾರಾಯ. ಆದ್ರೆ ಮರುದಿನ ನೀನು ಯಾರ ಮನೆಯಲ್ಲಿ ಕೂತು ನನ್ನ ಸ್ವರದಲ್ಲಿ ಮಾತಾಡ್ತಿದ್ದೆ?’